ಖಾಲಿ ತೂಕ

ಅರಸೀಕೆರೆಯಲ್ಲಿ ಕೊಬ್ಬರಿ ಲಾರಿ ತೂಗುವ ಕೆಲಸ ನನ್ನದು.
ಭಾನುವಾರ ರಾತ್ರಿ ಅದೇ ಕ್ಯಾಬಿನ್ನಿನಲ್ಲಿ, ಅದೇ ಮೇಜಿನ ಮೇಲೆ
ರಸೀದಿ ಪುಸ್ತಕ ಪಕ್ಕಕ್ಕೆ ಸರಿಸಿ
ಒಂದು ರಾಜ್ಯ ನಡೆಸುತ್ತೇನೆ.
ನಕ್ಷೆ ಇರುವುದು ಹಳೇ ಕ್ಯಾಲೆಂಡರಿನ ಬೆನ್ನಿಗೆ.
ಪ್ರಜೆಗಳು ಮೂವರು: ಮೆಡಿಕಲ್ ಸ್ಟೋರಿನ ಧರಣೇಂದ್ರ,
ರೈಲ್ವೆ ಆಸ್ಪತ್ರೆಯ ನರ್ಸ್ ಮಾರ್ಸೆಲಿನ್,
ಪಂಕ್ಚರ್ ಅಂಗಡಿ ಕಲ್ಲೇಶ.

ತೊಂದರೆ ಕಲ್ಲೇಶನದು.
ಅಲ್ಲ, ಅವನು ಆಡಿಸುವ ಕೊಡಲಿ ಭೈರನದು.
ಬೆಟ್ಟದ ಕುಲದಲ್ಲಿ ಹುಟ್ಟಿದ್ದಕ್ಕೆ ಎರಡು,
ನಡುಪಟ್ಟಿಗೆ ಮೂರು, ಕೈಬಳೆಗೆ ಎರಡು,
ಕರಡಿ ಕೊಬ್ಬಿನ ಲೇಹ್ಯಕ್ಕೆ ನಾಲ್ಕು,
ಸುಣ್ಣದ ಗುಡಿಯ ದೇವಿ ಹರಸಿದ್ದಕ್ಕೆ ಮೂರು,
ನುಸ್ರತ್ ಹರಸಿದ್ದಕ್ಕೆ ಒಂದು.
ಕೂಡಿದರೆ ಹದಿನೈದು.
ಇಪ್ಪತ್ತು ಮುಖದ ದಾಳ ಉರುಳಿ
ಬರೀ ಒಂದು ಬಿದ್ದರೂ ರಾಕ್ಷಸ ಸತ್ತ.
ದಾಳವೋ, ಮದುವೆಮನೆಯ ಮೂಲೆಗೆ ಕೂತ ದೂರದ ನೆಂಟ.
ಊಟ ಆಯಿತಾ ಅಂತಲೂ ಯಾರೂ ಕೇಳುವುದಿಲ್ಲ.

ಮೊದಲು ನಾನು ರಾಕ್ಷಸರನ್ನೇ ಮೇಯಿಸಿ ಕೊಬ್ಬಿಸಿದೆ.
ಭೈರನಿಗೆ ಗೀರೂ ಬೀಳಲಿಲ್ಲ.
ಒದೆ ತಿಂದದ್ದು ಮಾರ್ಸೆಲಿನ್ನಳ ಕೊಳಲಿನ ಹುಡುಗ,
ಮೂರು ವಾರ ಮೂರು ಸಲ ಮೂರ್ಛೆ.
'ನಾನು ಬರೋದು ಟೀ ಕಾಯಿಸೋಕಾ?' ಅಂದಳು,
ಫ್ಲಾಸ್ಕಿನ ಮುಚ್ಚಳ ತಿರುವುತ್ತಾ.

ಆ ರಾತ್ರಿ ಹರಿದ ರಸೀದಿಯ ಹಿಂದೆ ಬರೆದೆ:
ಒಂದೇ ಬಗೆಯ ವರ ಎರಡಿದ್ದರೆ ದೊಡ್ಡದಷ್ಟೇ ಲೆಕ್ಕ.
ಕಲ್ಲೇಶ ಹುಬ್ಬು ಗಂಟಿಕ್ಕಿದ.
'ಎಂಟು ತಿಂಗಳು ಗವಿ ಗವಿ ಅಲೆದು ಗಳಿಸಿದ್ದು ಅಕ್ಕಾ.'
ಕಿತ್ತುಕೊಳ್ಳುತ್ತಿಲ್ಲ ಮಾರಾಯ,
ಎರಡು ಕೊಡೆ ಹಿಡಿದವನು
ಎರಡು ಪಟ್ಟು ಒಣಗಿರುತ್ತಾನಾ?
ಧರಣೇಂದ್ರ ನಕ್ಕ. ಅವನ ಅಂಗಡಿಯಲ್ಲಿ
ಒಂದೇ ಮಾತ್ರೆಯನ್ನು ಎರಡು ಹೆಸರಲ್ಲಿ ಕೊಂಡು
ಎರಡನ್ನೂ ನುಂಗುವ ಜನ ಇದ್ದಾರಂತೆ.

ಕಲ್ಲೇಶ ರಬ್ಬರು ತೆಗೆದ.
ಬಳೆ ಹೋಯಿತು, ಪಟ್ಟಿ ಉಳಿಯಿತು.
ಲೇಹ್ಯ ದಿನಕ್ಕೊಂದೇ ಕಾಳಗಕ್ಕೆ, ಅದೂ ಒಪ್ಪಿದ.
ಹರಕೆಗಳ ಸಾಲಿಗೆ ಬಂದು ರಬ್ಬರು ನಿಂತಿತು.

ನುಸ್ರತ್ ಟೀಚರಿಗೆ ಗಂಗಾವತಿಗೆ ವರ್ಗವಾಗಿ ವರ್ಷವಾಯಿತು.
ಕೊನೆಯ ಭಾನುವಾರ ಅವಳ ವೈದ್ಯೆ, ಬೆಳ್ಳಕ್ಕಿ ಅಂತ ಹೆಸರು,
ಜೌಗಿನಲ್ಲಿ ಸೊಂಟದವರೆಗೆ ಹೂತು
ಭೈರನ ಹಣೆ ಮುಟ್ಟಿ ಹರಸಿ ಮುಳುಗಿದಳು.
ಅದಕ್ಕೆ ಯಾವ ನಿಯಮವೂ ಇರಲಿಲ್ಲ.
'ಒಂದು ಬರ್ಕೊಳೋ' ಅಂದಿದ್ದೆ ನಾನೇ,
ಗಂಟಲು ಕಟ್ಟಿತ್ತು.

'ದೊಡ್ಡದು ಅಂದ್ರೆ ದೇವೀದೇ ಅಲ್ವಾ?'
ಹೌದು.
'ಚಿಕ್ಕದನ್ನ ಇಟ್ಕೊಂಡ್ರೆ?'
ನಿಯಮದ ಪುಸ್ತಕ ತಿರುವಿದೆ, ತಿರುವಿದ ಹಾಗೆ ಮಾಡಿದೆ.
ಇಟ್ಕೋ, ಅಂದೆ.
ದೇವಿಯನ್ನು ಉಜ್ಜಿ ಅಳಿಸಿದ, ಕಾಗದ ತುಸು ಹರಿಯಿತು.

ಅಂದಿನ ಲೇಹ್ಯ ಬೆಳಿಗ್ಗೆಯೇ ನೆಕ್ಕಿಯಾಗಿತ್ತು.
ಸೇತುವೆಯ ದೈತ್ಯನಿಗೆ ತಾಗಬೇಕಾದರೆ ಹದಿನೈದು.
ಭೈರನ ಕೈಯಲ್ಲಿ ಆರು.
ದಾಳ ಫ್ಲಾಸ್ಕಿಗೆ ಬಡಿದು, ಸ್ಟಾಂಪ್ ಪ್ಯಾಡಿನ ಪಕ್ಕ ತಿರುಗಿ
ಏಳಕ್ಕೆ ಕೂತಿತು.
ಹದಿಮೂರು. ಗುರಿ ತಪ್ಪಿತು.
ಎಂಟು ತಿಂಗಳಲ್ಲಿ ಮೊದಲ ಸಲ
ನಾಲ್ಕೂ ತಲೆ ಒಂದು ದಾಳದ ಮೇಲೆ ಬಾಗಿದ್ದವು.
ದೇವಿಯ ಮೂರು ಇದ್ದಿದ್ದರೆ ಸರಿಯಾಗಿ ಹದಿನೈದು.
ಆ ಲೆಕ್ಕ ನಾನು ಮಾಡಿದೆ, ಅವನೂ ಮಾಡಿದ.
ಯಾರೂ ಬಾಯಿ ಬಿಡಲಿಲ್ಲ.
'ನನ್ನ ಸರದಿ' ಅಂತ ಕುರ್ಚಿ ಎಳೆದಳು ಮಾರ್ಸೆಲಿನ್,
ಕೊಳಲಿನ ಹುಡುಗ ಎದ್ದು ನಿಂತ.

ಸೋಮವಾರ ಆರೂವರೆಗೆ ಮೊದಲ ಲಾರಿ, ಇಳಿಸಿ ಬಂದದ್ದು.
ಖಾಲಿ ತೂಕ ಆರು ಸಾವಿರದ ನಾನೂರ ಇಪ್ಪತ್ತು.
ನಮ್ಮ ಈ ಯಂತ್ರ ಐದು ಕೆಜಿಗಿಂತ ಕಮ್ಮಿಯದನ್ನು ಕಾಣದು.
ಕನ್ನಡಿಗೆ ಕಟ್ಟಿದ ನಿಂಬೆಹಣ್ಣು,
ಸೀಟಿನ ಮೇಲೆ ಯಾರೋ ಕಸೂತಿ ಹಾಕಿಕೊಟ್ಟ ದಿಂಬು.
ರಸೀದಿ ಹರಿದು ಕೊಟ್ಟೆ.
ಡ್ರೈವರು ಓದದೆ ಜೇಬಿಗೆ ಹಾಕಿಕೊಂಡ.