ವಾರಸುದಾರರಿಲ್ಲದ ವಸ್ತು

ಸೀಟಿನಡಿ ಸಿಕ್ಕಿದ್ದು: ಛತ್ರಿ ಒಂದು, ಟಿಫಿನ್ ಡಬ್ಬಿ ಒಂದು,
ಮಗುವಿನ ಎಡಗಾಲ ಚಪ್ಪಲಿ, ಪುಸ್ತಕ ಒಂದು.
ಬಾಗೇಪಲ್ಲಿ ಬಸ್ ನಿಲ್ದಾಣದ ರಿಜಿಸ್ಟರಿನಲ್ಲಿ
ನಾನೇ ಬರೆದುಕೊಂಡೆ. ಬೆಲೆಯ ಕಾಲಂನಲ್ಲಿ
ಪುಸ್ತಕದ ಎದುರು ಒಂದು ಗೀಟು.

ಛತ್ರಿಗೆ ಮಾರನೇ ದಿನವೇ ಜನ ಬಂದರು.
ಡಬ್ಬಿಗೆ ಇಬ್ಬರು ಬಂದು ಜಗಳವಾಡಿದರು.
ಒಂಟಿ ಚಪ್ಪಲಿಗೂ ಚೇಳೂರಿನಿಂದ
ಒಬ್ಬ ತಾತ ಬಂದ.
ಪುಸ್ತಕ ಮಾತ್ರ ಏಳು ತಿಂಗಳು ಕಪಾಟಿನಲ್ಲಿ
ಡೀಸೆಲ್ಲಿನ ವಾಸನೆ ಹಿಡಿದು ಕೂತಿತು.

ರಟ್ಟಿಲ್ಲ, ಹೆಸರಿಲ್ಲ. ಹಳಗನ್ನಡ.
ಹಿಂದಿನ ಅರ್ಥಕೋಶವನ್ನು ಬುಡಸಮೇತ ಹರಿದಿದ್ದರು.
ಬೀಗ ಇದೆ,
ಬೀಗದ ಕೈಯಲ್ಲಿ ಯಾರೋ ಕಡಲೆಕಾಯಿ ಕಟ್ಟಿದ್ದಾರೆ.

ಒಂದು ಕಾಲಕ್ಕೆ ನಾನೂ ಓದುತ್ತಿದ್ದವನೇ.
ಚಿಂತಾಮಣಿಯ ಕಾಲೇಜಿನಲ್ಲಿ ಲೈಬ್ರರಿಯವರು
ನನ್ನ ತಲೆ ಕಂಡರೆ ದೀಪ ಆರಿಸಲು ತಡಮಾಡುತ್ತಿದ್ದರು.
ಆಮೇಲೆ ಎಲ್ಲರ ಹಾಗೆ, ಹೆಬ್ಬೆರಳು.
ಹದಿನಾಲ್ಕು ವರ್ಷ ಹೆಬ್ಬೆರಳಿನಲ್ಲೇ ಓದಿದೆ.
ಏನು ಓದಿದೆ, ಕೇಳಬೇಡಿ.

ಆ ರಾತ್ರಿ ಫೋನು ಸತ್ತಿತ್ತು. ಅನಂತಪುರದ ಗಾಡಿ
ಎರಡು ಹತ್ತಕ್ಕೆ ಹೋದರೆ ಹಿಂದೂಪುರದ್ದು ನಾಲ್ಕಕ್ಕೆ.
ಕಪಾಟು ತೆಗೆದೆ. ಒಂದು ಪುಟ ಓದಿ ಮುಗಿಸಿ ನೋಡಿದರೆ
ಒಂದಕ್ಷರ ಒಳಗಿಳಿದಿಲ್ಲ,
ಹೆಬ್ಬೆರಳು ಹಾಳೆಯನ್ನು ಮೇಲಕ್ಕೆ ತಳ್ಳುತ್ತಿದೆ.
ಹಾಳೆ ಕದಲಲಿಲ್ಲ.
ಅದು ಕದಲದೇ ಇದ್ದದ್ದು ಯಾಕೋ ಹಿಡಿಸಿತು.

ಪದಕ್ಕೆ ಪದ ಕೊಂಡಿ ಹಾಕಿಕೊಂಡ ಗೂಡ್ಸು ರೈಲು.
ಎಲ್ಲಿ ಬಿಡಿಸಲಿ? ಇಲ್ಲಿ ಬಿಡಿಸಿದರೆ ಆನೆ,
ಒಂದಕ್ಷರ ಆಚೆ ಬಿಡಿಸಿದರೆ ಏನೂ ಅಲ್ಲ.
ಗಂಗುಲಮ್ಮ ಇಟ್ಟುಹೋದ ಚಹಾ ಕೆನೆಗಟ್ಟಿತು.
ಮೂರು ರಾತ್ರಿಗೆ ಒಂದು ಪದ್ಯ,
ಅದೂ ಮುಕ್ಕಾಲು.

ಹನ್ನೊಂದನೇ ರಾತ್ರಿ ಪುಲಿ ಬಂತು.

ಮೂರನೇ ಕ್ಲಾಸು. ಗೋಡೆಯ ಮೇಲೆ ಚಿತ್ರಪಟ.
ಗುಂಡಾಚಾರ್ ಮೇಷ್ಟ್ರ ಬೆತ್ತದ ತುದಿ ಅದರ ಮೀಸೆಯ ಮೇಲೆ.
"ಇದೇನೋ?"
"ಪುಲಿ, ಸಾರ್."
"ಪುಲಿ ಅಲ್ಲವೋ ತೆಲುಗು ಮುಂಡೇದೇ, ಹುಲಿ. ಹುಲಿ."
ಬೆತ್ತ ಚಿತ್ರ ಬಿಟ್ಟು ನನ್ನ ಗೆಣ್ಣಿಗೆ ಬಂತು.
ಇಡೀ ಕ್ಲಾಸು ನಕ್ಕಿತು.
ಅವರೆಲ್ಲರ ಮನೆಯಲ್ಲೂ ಅದು ಪುಲಿಯೇ.

ಅಂದಿನಿಂದ ಬಾಯಿಗೆ ಪ ಬಂದರೆ ಬೆಚ್ಚಿ
ಹ ಹಾಕಿಕೊಂಡು ಬಂದೆ. ಕೆಲವು ಸಲ
ಪಾತ್ರೆಯನ್ನೂ ಹಾತ್ರೆ ಅಂದದ್ದುಂಟು.
ಇಲ್ಲಿ ನೋಡಿದರೆ, ಇಷ್ಟು ಹಳೆಯ ಸಾಲಿನ ನಡುವೆ,
ಯಾವ ಮೇಷ್ಟ್ರಿಗೂ ಜಗ್ಗದೆ
ಬಾಲ ಚಾಚಿ ಮಲಗಿದೆ, ಪುಲಿ.
ಮುಂದಿನ ಪುಟದಲ್ಲಿ ಪಾಲ್:
ಅಮ್ಮ ನಸುಕಿನಲ್ಲಿ ಕರೆಯುತ್ತಿದ್ದ ಪಾಲು.
ಅದರಾಚೆ ಪೆಸರ್. ಬೀದಿಯ ಮಕ್ಕಳನ್ನೆಲ್ಲ ತಡೆದು
"ನೀ ಪೇರೇಮಿರಾ" ಅನ್ನುತ್ತಿದ್ದ ಅವ್ವನ
ಪೇರಿಗೆ ದೊಡ್ಡಕ್ಕ.

ನಕ್ಕೆ, ಒಬ್ಬನೇ. ಕಟ್ಟೆಯ ಕೆಳಗಿನ ನಾಯಿ ಎದ್ದು ಕೂತಿತು.
ಅರ್ಥಕೋಶ ಹರಿದವನಿಗೆ ಗೊತ್ತಿರಲಿಲ್ಲ,
ಅದರ ಇನ್ನೊಂದು ಪ್ರತಿ ನಮ್ಮ ಅಡುಗೆಮನೆಯಲ್ಲಿತ್ತು.

ಹಾಗಂತ ಎಲ್ಲ ತೆರೆದುಕೊಂಡಿತು ಅಂತಲ್ಲ, ಸುಳ್ಳೇಕೆ.
ಪುಲಿಯ ಪಕ್ಕದ ಪದ ಇನ್ನೂ ಕಲ್ಲು.
ಯುದ್ಧದಲ್ಲಿ ಯಾರು ಯಾರನ್ನು ಹೊಡೆದರೋ ತಿಳಿಯದು,
ಸತ್ತವನು ನಾಕು ಪದ್ಯ ಆದಮೇಲೆ ಮಾತಾಡುತ್ತಿದ್ದಾನೆ.
ದಿನಾ ಒಂದು ಕಡೆ ಒತ್ತಿ ನೋಡುತ್ತೇನೆ,
ಹುಲ್ಲಿನಲ್ಲಿ ಮುಚ್ಚಿಟ್ಟ ಮಾವಿನಕಾಯಿ ಒತ್ತುವ ಹಾಗೆ.
ಮೆತ್ತಗಾಗಿದ್ದರೆ ಆಯಿತು,
ಇಲ್ಲದಿದ್ದರೆ ಮತ್ತೆ ಹುಲ್ಲು ಮುಚ್ಚಿ ಮಲಗಿಸುತ್ತೇನೆ.

ಮೊನ್ನೆ ಆಡಿಟ್‌ನವರು ಕೇಳಿದರು, ಇದೊಂದು ಯಾಕೆ ಬಾಕಿ?
ವಿಲೇವಾರಿ ಕಾಲಂನಲ್ಲಿ ಬರೆದೆ:
ಪರಿಶೀಲನೆಯಲ್ಲಿದೆ.

ನಿನ್ನೆ ನಾಲ್ಕಕ್ಕೆ ಹಿಂದೂಪುರದ ಗಾಡಿ ಬಂದು
ಹಾರನ್ನು ಒತ್ತಿತು, ಮತ್ತೆ ಒತ್ತಿತು.
ಮೈಕಿನಲ್ಲಿ ಕೂಗುವುದನ್ನೇ ಮರೆತಿದ್ದೆ.
ಡ್ರೈವರ್ ಖಾದರ್‌ವಲಿ ತಲೆ ಹೊರಗೆ ಹಾಕಿ
"ಏಂ ಚೌಡಪ್ಪಾ, ನಿದ್ರಾ?" ಅಂದ.
ಲೇದು, ಅಂದೆ. ಪುಲಿ.
ಅವನು ಒಮ್ಮೆ ಹಿಂದೆ ನೋಡಿ
ಗಾಜು ಏರಿಸಿಕೊಂಡ.