ಆದರೆ

ಉಲಾನ್‌ಬಾತರ್‌ನ ಎಂಬತ್ತೆಂಟನೇ ನಂಬರಿನ ಶಿಶುವಿಹಾರ.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಗುಡ್ಡದ ಗುಡಾರಗಳ ಒಲೆಯಿಂದಿಳಿದ ಕಲ್ಲಿದ್ದಲ ಹೊಗೆ
ಬೀದಿದೀಪಗಳಿಗೆ ಕಂಬಳಿ ಹೊದಿಸಿದೆ.
ದಶ್ನ್ಯಾಮ್ ಏಣಿ ಹತ್ತಿ, ಹಲ್ಲಲ್ಲಿ ಸ್ಕ್ರೂ ಕಚ್ಚಿ,
ಕೋಣೆಗೊಂದರಂತೆ ಸೆನ್ಸರ್ ಕೂರಿಸುತ್ತಾನೆ:
ಬೆಂಕಿಪೊಟ್ಟಣದಷ್ಟು ಬಿಳಿ ಡಬ್ಬಿ, ಒಂದೇ ಹಸಿರು ಕಣ್ಣು.
"ಇದು ನಮ್ಮನ್ನು ನೋಡುತ್ತದಾ?" ಕೇಳುತ್ತಾಳೆ
ನೆಲ ಒರೆಸುವ ತ್ಸೆವೆಲ್ಮಾ, ಕೋಲು ಊರಿ ನಿಂತು.
"ಇಲ್ಲಕ್ಕ, ಮೂಸುತ್ತದೆ ಅಷ್ಟೆ."

ರಾತ್ರಿ ಕೂತು ನಿಯಮ ಬರೆದ.
ಉಸಿರುಗಾಳಿ ಸಾವಿರ ದಾಟಿದರೆ, ಕಿಂಡಿ ತೆರೆಯಲಿ.
ಹೊರಗಿನ ಹೊಗೆ ನೂರೈವತ್ತು ದಾಟಿದರೆ, ಕಿಂಡಿ ಮುಚ್ಚಲಿ.
ಬೇರೆ ಬೇರೆ ನೋಡಿದರೆ ಎರಡೂ ಸರಿ.

ಮರುದಿನ ಒಂದೂ ಹತ್ತಕ್ಕೆ, ನಾಲ್ಕನೇ ಕೋಣೆಯಲ್ಲಿ
ಇಪ್ಪತ್ತಾರು ಮಕ್ಕಳು ಊಟ ಮುಗಿಸಿ ಮಲಗಿದ ಹೊತ್ತು,
ಕಿಂಡಿ ತೆರೆಯಿತು, ಮುಚ್ಚಿತು, ತೆರೆಯಿತು,
ಟಪ್ ಟಪ್ ಟಪ್, ಜಗಳದಲ್ಲಿ ಬಾಗಿಲು ಬಡಿಯುವ
ಗಂಡಹೆಂಡಿರ ಹಾಗೆ.
ಏಳು ನಿಮಿಷದಲ್ಲಿ ಅವನ ಫೋನಿಗೆ ನಲವತ್ತೊಂದು ಎಚ್ಚರಿಕೆ.
ಒಂದು ಮಗು ಎದ್ದು ಚಪ್ಪಾಳೆ ತಟ್ಟಿತಂತೆ.

ನನ್ನ ನುಡಿಯಲ್ಲಿ ಆದರೆ ಎಂಬ ಪದಕ್ಕೆ ಎರಡು ಮುಖ.
ಹೀಗೆ ಆದರೆ ಹಾಗೆ ಮಾಡು: ಯಂತ್ರಕ್ಕೆ ಅಷ್ಟು ಸಾಕು.
ಹಾಗೆ ಮಾಡಬಹುದಿತ್ತು, ಆದರೆ...
ಅಲ್ಲಿಂದಾಚೆ ಯಂತ್ರ ಜೊತೆಗೆ ಬರುವುದಿಲ್ಲ.
ದಶ್ನ್ಯಾಮನಿಗೆ ಕನ್ನಡ ಬಾರದು, ಬೇಕಾಗಿಯೂ ಇಲ್ಲ.
ಕಿಂಡಿಗೊಂದು ಫಿಲ್ಟರ್ ಹಾಕಿಸಿ,
ಹತ್ತು ನಿಮಿಷ ಕಾದು ನೋಡು ಎಂದು ಒಂದು ಸಾಲು ಸೇರಿಸಿದ.
ಜಗಳ ನಿಂತಿತು.

ಜನವರಿಯ ರಾತ್ರಿ ಮೂರಕ್ಕೆ ಫೋನು ಗುರ್ರೆಂದಿತು.
ನಾಲ್ಕನೇ ಕೋಣೆ: ಸಾವಿರದ ಎಂಟು.
ಖಾಲಿ ಕಟ್ಟಡ ಉಸಿರಾಡುವುದುಂಟೆ? ಡಬ್ಬಿ ಕೆಟ್ಟಿದೆ ಅಂದುಕೊಂಡೇ ಹೋದ.
ಬೂಟು ಕಳಚಿ, ಕಾಲುಚೀಲದಲ್ಲಿ ನಡೆದು,
ಬಾಗಿಲ ಗಾಜಿಗೆ ಹಣೆ ಹಚ್ಚಿ ನೋಡಿದ.
ಗೊಂಬೆಮಂಚಗಳಂಥ ಮಂಚಗಳಲ್ಲಿ ಎರಡನ್ನು ಜೋಡಿಸಿ
ತ್ಸೆವೆಲ್ಮಾ ಮುದುಡಿ ಮಲಗಿದ್ದಾಳೆ, ಪಾದಗಳು ಹೊರಗೆ.
ಕಂಕುಳಲ್ಲಿ ಮೊಮ್ಮಗ, ಬಾಯಿ ತೆರೆದು.
ಕಿಟಕಿಯ ಕಟ್ಟೆ ಮೇಲೆ ತೊಳೆದು ಬೋರಲಿಟ್ಟ ಎರಡು ಬಟ್ಟಲು.
ಗುಡ್ಡದ ಮೇಲಿನ ಅವಳ ಒಲೆಗೆ ಏನಾಯಿತೋ.
ಕೇಳಲಿಲ್ಲ. ಬಂದ ಹೆಜ್ಜೆಯಲ್ಲೇ ಮರಳಿದ.

ಬೆಳಗ್ಗೆ ಏಳಕ್ಕೆ ವರದಿ ಹೋಗುವ ಪಟ್ಟಿಯಲ್ಲಿ
ಮುಖ್ಯೋಪಾಧ್ಯಾಯಿನಿಯ ಹೆಸರಿತ್ತು.
ಕಾರಿನಲ್ಲೇ ಕೂತು, ಕೈಗವಸು ಕಳಚಿ, ಬರೆದ:
ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ
ನಾಲ್ಕನೇ ಕೋಣೆಯಲ್ಲಿ ಉಸಿರು ಏರಿದರೆ
ಯಾರಿಗೂ ಹೇಳಬೇಡ.
ರೇಡಿಯೇಟರ್ ಎರಡು ಡಿಗ್ರಿ ಹೆಚ್ಚಿಸು.
ನಿಯಮಕ್ಕೊಂದು ಹೆಸರು ಕೊಡಿ ಎಂದಿತು ಪರದೆ.
ಪೈಪು ಹೆಪ್ಪುಗಟ್ಟದಿರಲು, ಎಂದು ತುಂಬಿದ.

ಆಮೇಲೆ ದಿನವೂ ಚಹಾದ ಜೊತೆ ಆ ಗೆರೆ ನೋಡುವ ಚಟ.
ಹತ್ತಕ್ಕೆ ಏಳುವ ಚಿಕ್ಕ ದಿಣ್ಣೆ,
ಎರಡಕ್ಕೊಂದು ತಗ್ಗು (ಬಾಗಿಲು ತೆರೆದಿರಬೇಕು, ಹುಡುಗನಿಗೆ ಉಚ್ಚೆ),
ಆರಕ್ಕೆ ಬಯಲು.
ಬಿಲ್ಲು ಹಿಡಿದು ಮುಖ್ಯೋಪಾಧ್ಯಾಯಿನಿ ಕೇಳಿದಾಗ
"ಆ ಡಬ್ಬಿ ಕಿಟಕಿಗೆ ತೀರಾ ಹತ್ತಿರವಾಯಿತು ಮೇಡಂ" ಅಂದ.
ಆಕೆ ಅವನನ್ನೊಮ್ಮೆ, ಬಿಲ್ಲನ್ನೊಮ್ಮೆ ನೋಡಿ ಸಹಿ ಹಾಕಿದಳು.

ಫೆಬ್ರವರಿಯ ಒಂದು ರಾತ್ರಿ ಗೆರೆ ಏಳಲೇ ಇಲ್ಲ.
ಹತ್ತು, ಹನ್ನೊಂದು, ಹನ್ನೆರಡು. ನಾನೂರ ಮೂವತ್ತರಲ್ಲೇ ಚಪ್ಪಟೆ.
ಏರಿದರೆ ಎಂದು ಬರೆದಿದ್ದ,
ಏರದಿದ್ದರೆ ಎಂದು ಬರೆದಿರಲಿಲ್ಲ.
ಫೋನು ಗುರ್ರೆನ್ನದ ಆ ಮೌನಕ್ಕೇ ಬೆಚ್ಚಿ
ಸ್ವೆಟರ್ ತಿರುವುಮುರುವಾಗಿ ತೊಟ್ಟು ಓಡಿದ.

ನಾಲ್ಕನೇ ಕೋಣೆಯಲ್ಲಿ ಮಂಚಗಳು ಸಾಲಾಗಿ, ಬೇರೆ ಬೇರೆ.
ಡಬ್ಬಿಯ ಕೆಳಗೆ, ಅದೇ ಓದಲೆಂಬಂತೆ, ಅಂಟಿಸಿದ ಚೀಟಿ:
"ಬಿಳಿತಿಂಗಳ ಹಬ್ಬಕ್ಕೆ ದರ್ಖಾನಿನ ತಂಗಿಯ ಮನೆಗೆ ಹೊರಟೆವು.
ನಾಲ್ಕು ರಾತ್ರಿ ಬಿಸಿ ಬೇಡ.
ಅಡಿಗೆಮನೆಯ ಕಿಟಕಿಯಾಚೆ, ಹಿಮದಲ್ಲಿ,
ನಿನ್ನ ಪಾಲಿನ ಕುರಿಮಾಂಸದ ಕಡುಬಿದೆ, ಮೂವತ್ತು.
ಹಬೆಯಲ್ಲಿ ಇಪ್ಪತ್ತು ನಿಮಿಷ ಇಡು.
ಎಚ್ಚರಿಕೆ, ಒಳಗಿನ ಸಾರು ಸುಡುತ್ತದೆ."