ಕಡ್ಡಿಗೆ ನೂರು ಹೆಜ್ಜೆ

ಗುಡಿಬಂಡೆಯ ನಮ್ಮ ಶಾಲೆಯಂಗಳದಲ್ಲಿ
ಸುಣ್ಣದಪುಡಿ ಉದುರಿಸಿ ಊರು ಬರೆದೆವು.
ಬೆಳಗಿನ ಸೂರ್ಯನಿಗೆ ಮುಖ ಕೊಟ್ಟು ನಿಂತರೆ
ಎಡಗೈ ಉತ್ತರ, ಅಂದೆ.
ಹಾಗಾದ್ರೆ ಊಟದ ಕೈ ದಕ್ಷಿಣ, ಅಂದ ಚೌಡೇಶ.

ಬೆಟ್ಟಕ್ಕೊಂದು ಗುಂಡುಕಲ್ಲು,
ಭೈರಸಾಗರದ ಕೆರೆಗೆ ನನ್ನ ನೀಲಿ ಕರವಸ್ತ್ರ,
ಕಚ್ಚುವ ನಾಯಿಗೆ ಕೆಂಪು ಬಳೆಚೂರು.

ಒಂದು ಬೆಂಕಿಕಡ್ಡಿಗೆ ನೂರು ಹೆಜ್ಜೆ ಅಂತ ಅಳತೆ.
"ಯಾರ ಹೆಜ್ಜೆ ಮಿಸ್?" ಮುಬೀನಾ ಕೇಳಿದಳು.
"ನಂದಾದ್ರೆ ಮನೆ ನಾಲ್ಕು ಕಡ್ಡಿ.
ತಮ್ಮನ ಜೊತೆ ಏಳು.
ಇರುವೆಸಾಲು ಕಂಡ್ರೆ ಅಲ್ಲೇ ಕೂತ್ಬಿಡ್ತಾನೆ."

ನನಗೆ ಗೊತ್ತಿದ್ದ ಉತ್ತರ ಎಡಗೈಯದೊಂದೇ.
ಕಡ್ಡಿಪೆಟ್ಟಿಗೆಯನ್ನು ಅವಳ ಕೈಗೇ ಕೊಟ್ಟೆ.

ಸಂಜೆ ಅಕ್ಕ ತಮ್ಮ ಗೇಟು ದಾಟಿದರು.
ಆ ಪುಟ್ಟ ಚಪ್ಪಲಿಗಳನ್ನೇ ಎಣಿಸುತ್ತ ಹಿಂದೆ ನಡೆದೆ.
ನೂರಾಯಿತು.
ಬಳೆಚೂರಿನ ನಾಯಿ ಇನ್ನೂ ದೂರ.